ರಾಡಿನದಲ್ಲ ತಪ್ಪು, ಫ್ರಿಜ್ಜೇ ಸಾಕ್ಷಿ

ನಕಲಿ ನೊಣ ಕಟ್ಟಿದ ಲೈನನ್ನು ಬೀಸಿ ಮೀನು ಹಿಡಿಯುವ ಫ್ಲೈ ರಾಡು, ನಾನೇ ಕಟ್ಟಿದ್ದು. ಮೂರು ಭಾನುವಾರ ಈ ರಾಡಿಗೆ ಬಾಯಿಗೆ ಬಂದಂತೆ ಬೈದೆ. ಈಗ ಅದರ ಕಾಲಿಗೆ, ಅಂದರೆ ಕಾರ್ಕ್ ಹಿಡಿಗೆ ಬೀಳಬೇಕಾಗಿದೆ.

7.5 ಅಡಿ, 5ನೇ ನಂಬರ್ (ಅದು ತೂಕದ ಅಳತೆ) ಲೈನಿನ ಫೈಬರ್‌ಗ್ಲಾಸ್ ಬ್ಲಾಂಕು, ಅಂದರೆ ಬರಿಯ ಕೋಲು. ಅದಕ್ಕೆ ಗೈಡುಗಳನ್ನು, ಅಂದರೆ ಲೈನು ಹಾಯುವ ಬಳೆಗಳನ್ನು, ದಾರ ಸುತ್ತಿ ಕೂರಿಸಿದ್ದು, ಎಪಾಕ್ಸಿ ಅಂಟು ಬಳಿದದ್ದು, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಮೈಕ್ರೋವೇವ್ ತಟ್ಟೆಯ ಮೋಟರಿಗೆ ಕಟ್ಟಿ ರಾತ್ರಿಯಿಡೀ ತಿರುಗಿಸಿದ್ದು ಎಲ್ಲ ರಾಡ್ ಕಟ್ಟುವವರ ಹಳೇ ಕಥೆಯೇ, ಬಿಡಿ. ಗೈಡಿನ ಪೊಟ್ಟಣದಲ್ಲಿ ಮಾತ್ರ 8ರ ಬದಲು 7 ಇದ್ದವು. ಅಂಗಡಿಯವರು "ನಾಳೆ ಕಳಿಸ್ತೀವಿ ಸಾರ್" ಅನ್ನುತ್ತಲೇ ಇದ್ದಾರೆ. ನಮ್ಮೂರಲ್ಲಿ ಹಿಂದೆ ದೆವ್ವ ಓಡಿಸೋಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದರು. ಇವರು ಅದನ್ನು ಗಿರಾಕಿ ಮೇಲೆ ಪ್ರಯೋಗಿಸ್ತಿದ್ದಾರೆ. ಕೊನೆಗೆ ಹಳೇ ರಾಡಿನಿಂದ ಒಂದನ್ನು ಕಿತ್ತು ಹಾಕಿದೆ.

ಬೆಳಿಗ್ಗೆ ಆರಕ್ಕೆ ಮನೆ ಹತ್ತಿರದ ಮೈದಾನದಲ್ಲಿ, ಗಾಳದ ಬದಲು ಉಲ್ಲನ್ ಚೂರು ಕಟ್ಟಿ ಬೀಸಿದರೆ ಸ್ವರ್ಗ. ಗ್ರಾಫೈಟ್ ರಾಡಿಗೆ ಒಗ್ಗಿದ ಕೈಗೆ ಮೊದಲು ಆತುರ. ಗ್ಲಾಸ್ ನಿಧಾನ, ಬ್ಯಾಕ್‌ಕಾಸ್ಟಿನಲ್ಲಿ ಲೈನು ಹಿಂದೆ ಪೂರ್ತಿ ಬಿಚ್ಚಿಕೊಳ್ಳಲು ಒಂದು ಉಸಿರು ಹೆಚ್ಚು ಕಾಯಬೇಕು. ಆ ಲಯ ಕೈಗೆ ಕೂತ ಮೇಲೆ 45 ಅಡಿ ಸಲೀಸು. ವಾಕಿಂಗಿಗೆ ಬರುವ ಹಿರಿಯರೊಬ್ಬರು ದಿನಾ ನಿಂತು ನೋಡುತ್ತಾರೆ: "ಇವತ್ತೂ ಏನೂ ಸಿಗಲಿಲ್ವೇನಪ್ಪಾ?"

ಅದೇ ರಾಡನ್ನು ಏಪ್ರಿಲಿನಲ್ಲಿ ಕಾವೇರಿಗೆ ಒಯ್ದೆ. ಸಂಗಮ, ಮುತ್ತತ್ತಿ ಕಡೆಯದು ವನ್ಯಜೀವಿ ಧಾಮ, ಅಲ್ಲಿ ಗಾಳದ ಮಾತೇ ಇಲ್ಲ. ಹಾಗಾಗಿ ಶ್ರೀರಂಗಪಟ್ಟಣ ದಾಟಿ ಕೆಳಗಿನ ಒಂದು ಮಡು. ಎಂಟು ಗಂಟೆಗೆ ಚೆನ್ನಾಗಿಯೇ ಇತ್ತು. ಹನ್ನೊಂದಕ್ಕೆ ನೆರಳಲ್ಲೇ 36 ಡಿಗ್ರಿ. ಲೈನು ಗೈಡಿಗೆ ಅಂಟಿಕೊಂಡು 25 ಅಡಿ ದಾಟಲೊಲ್ಲದು. ಜೋರು ಮಾಡಿದರೆ ಗಾಳಿಯಲ್ಲಿ ಲೈನಿನ ಲೂಪು ತನ್ನ ಮೇಲೆ ತಾನೇ ಬಿದ್ದು ಲೀಡರಿನಲ್ಲಿ, ಅಂದರೆ ತುದಿಯ ತೆಳು ದಾರದಲ್ಲಿ, ಗಂಟು. ಪಕ್ಕದಲ್ಲಿ ಬಿದಿರು ಕೋಲು, ಎರೆಹುಳ ಹಿಡಿದು ಕೂತಿದ್ದ ಅಣ್ಣ ಒಂದಾದ ಮೇಲೊಂದು ಜಿಲೇಬಿ ಮೀನು ಎತ್ತುತ್ತಾ ಕೇಳಿದರು: "ಚಾಟಿ ಚೆನ್ನಾಗ್ ಬೀಸ್ತೀರ ಸಾ. ದನ ಎಲ್ಲವ್ವೆ?"

ಮನೆಗೆ ಬಂದು ತನಿಖೆ. ಲೈನಿನ ನಂಬರೇ ಸುಳ್ಳಿರಬಹುದು ಅಂತ ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ಮೊದಲ 30 ಅಡಿ ತೂಗಿಸಿದೆ: 9.1 ಗ್ರಾಂ. 5ನೇ ನಂಬರಿಗೆ ಇರಬೇಕಾದ್ದು 140 ಗ್ರೇನ್, ಅಂದರೆ 9.07 ಗ್ರಾಂ. ಅಲ್ಲಿ ತಪ್ಪಿಲ್ಲ. ಹಾಗಾದರೆ ಕಿತ್ತು ಹಾಕಿದ ಹಳೇ ಗೈಡೇ ಅಪರಾಧಿ ಅಂತ ಎರಡು ಸಂಜೆ ಕೂತು ಬಿಚ್ಚಿ, ಹೊಸದಾಗಿ ಸುತ್ತಿದೆ. ಎರಡನೇ ಭಾನುವಾರವೂ ಅದೇ ಹಾಡು. ಆಮೇಲೆ ನನ್ನ ಕೈಯ ಮೇಲೆ ಅನುಮಾನ. ಬಿಸಿಲಿಗೆ ಗ್ಲಾಸೇ ಮೆತ್ತಗಾಗ್ತಿದೆ ಅನ್ನುವ ಮೂರ್ಖತನದವರೆಗೂ ಹೋದೆ. 36 ಡಿಗ್ರಿಗೆ ಅದು ಕರಗುವಂತಿದ್ದರೆ ಕಾರಿನ ಡಿಕ್ಕಿಯಲ್ಲೇ ಹಲ್ವಾ ಆಗಿರುತ್ತಿತ್ತು.

ಸುಳಿವು ಸಿಕ್ಕಿದ್ದು ಮೂರನೇ ಭಾನುವಾರ. ಸೋತು ಹುಣಸೆ ಮರದ ಕೆಳಗೆ ನಿದ್ದೆ ಹೊಡೆದು, ಹೊತ್ತು ಇಳಿದ ಮೇಲೆ ಕೊನೆಯದಾಗಿ ಬೀಸಿದೆ. ಸರ್ರನೆ ಹೋಯಿತು! ರಾಡ್ ಅದೇ, ಕೈ ಅದೇ, ಬದಲಾದದ್ದು ಬಿಸಿಲು ಮಾತ್ರ.

ಮರುದಿನ ರೀಲನ್ನು ಅರ್ಧ ಗಂಟೆ ತಾರಸಿಯಲ್ಲಿಟ್ಟು, ಲೈನಿನ ಒಂದು ಗೇಣನ್ನು ಮೇಜಿನ ಅಂಚಿನಿಂದಾಚೆ ಚಾಚಿದೆ. ಬೇಯಿಸಿದ ಶಾವಿಗೆಯಂತೆ ಜೋತುಬಿತ್ತು. ಆಮೇಲೆ ಫ್ರಿಜ್ಜಿನಲ್ಲಿ ಅರ್ಧ ಗಂಟೆ. ಈ ಸಲ ಅದು ಸಾಕಷ್ಟು ನೆಟ್ಟಗೆ ನಿಂತಿತು. "ಮೊಸರಿನ ಪಕ್ಕ ಇದೇನೋ, ಹುಳ ಗಿಳ ಇಲ್ಲ ತಾನೇ?" ಅಂದರು ಅಮ್ಮ.

ಲೈನಿನ ಡಬ್ಬಿ ತಿರುಗಿಸಿ ನೋಡಿದರೆ ತಣ್ಣೀರಿನ ಮೀನು ಟ್ರೌಟಿನ ಚಿತ್ರ. ತಣ್ಣೀರಿನ ಲೈನು! ಒಳಗೆ ಹೆಣೆದ ನೈಲಾನ್ ಎಳೆ, ಮೇಲೆ ಚಳಿಯಲ್ಲೂ ಸುರುಳಿ ಹಿಡಿಯದಿರಲಿ ಅಂತ ಮೆತ್ತಗೆ ಮಾಡಿದ ಪಿವಿಸಿ. ನಮ್ಮ ಬಿಸಿಲಿಗೆ ಅದು ಇನ್ನೂ ಮೆತ್ತಗಾಗಿ, ಗೈಡುಗಳ ನಡುವೆ ಜೋತುಬಿದ್ದು ಅಂಟುತ್ತದೆ. ಬಿಸಿ ದೇಶದ ಲೈನಿಗೆ ಗಡುಸು ಲೇಪ, ಎಷ್ಟೋ ಸಲ ಒಳಗೆ ಮೊನೋಫಿಲಮೆಂಟ್ (ಹೆಣೆಯದ ಒಂಟಿ ಎಳೆ) ಇರುತ್ತದೆ. ಮಾರಿದವರಿಗೆ ಕಾವೇರಿಗೆ ಅಂತ ಹೇಳಿಯೇ ಕೊಂಡಿದ್ದೆ. "ಇದೇ ಬೆಸ್ಟ್ ಸಾರ್" ಅಂದಿದ್ದರು.

ಗೆಳೆಯನ ಬಿಸಿ ದೇಶದ ಲೈನು ಸಾಲ ತಂದು ನಾಲ್ಕನೇ ಭಾನುವಾರ ನಡುಮಧ್ಯಾಹ್ನವೇ ನೀರಿಗಿಳಿದೆ. 50 ಅಡಿ. ಮರಳಿನ ಗುಂಡಿ ಕಾಯುತ್ತಿದ್ದ ಗಂಡು ಜಿಲೇಬಿ ಹಸಿವಿಗಲ್ಲ, ಸಿಟ್ಟಿಗೆ ಕಚ್ಚಿತು. 1952ರಲ್ಲಿ ದೇಶಕ್ಕೆ ತಂದ ಪರದೇಶಿ ತಳಿ, ಮನೆ ಮಾತ್ರ ಇಲ್ಲಿಯವರಂತೆ ಕಾಯುತ್ತದೆ. ತೂಕ ಕೇಳಬೇಡಿ. ರಾಡು ಹಿಡಿಯವರೆಗೂ ಬಾಗಿತು, ಗ್ಲಾಸ್ ಕೊಳ್ಳುವುದೇ ಅದಕ್ಕೆ. ಮೀನನ್ನು ಆ ಅಣ್ಣನ ಬುಟ್ಟಿಗೆ ಹಾಕಿದೆ. "ಇದೊಂದುಕ್ಕಾ ಸಾ ನಾಕ್ ವಾರ?"

ಹೊಸ ತಕರಾರು: ಈ ಲೈನು ಬೆಂಗಳೂರಿನ ಬೆಳಗಿನ ತಂಪಿಗೆ ಸ್ಪ್ರಿಂಗಿನಂತೆ ಸುರುಳಿ. ಊರಿಗೊಂದು, ಹೊಳೆಗೊಂದು ಲೈನ್ ಸಾಕಲು ನಾನೇನು ಜಮೀನ್ದಾರನೇ? ವಾಪಸ್ ಬರುವಾಗ ರಾಮನಗರದಲ್ಲಿ ಕಾಫಿಗೆ ನಿಂತಾಗ ತಲೆಯಲ್ಲಿ ಹುಳ ಹೊಕ್ಕಿತು, ರೇಷ್ಮೆಯದ್ದೇ. ಪ್ಲಾಸ್ಟಿಕ್ ಬರುವ ಮೊದಲು ಫ್ಲೈ ಲೈನು ಅಂದರೆ ಹೆಣೆದ ರೇಷ್ಮೆ, ಮೇಲೆ ಅಗಸೆ ಎಣ್ಣೆ. ಮೀನು ಹಿಡಿದ ಮೇಲೆ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತದೆ, ತೇಲಬೇಕಾದರೆ ಗ್ರೀಸ್ ಸವರುತ್ತಲೇ ಇರಬೇಕು. ಇರಲಿ. ಹುರಿ ರೇಷ್ಮೆ ಎರಡು ಲಡಿ ಮನೆಗೆ ಬಂದಾಗಿದೆ. ತುದಿ ಸಣ್ಣಗಾಗಲು ಎಳೆಗಳನ್ನು ಒಂದೊಂದಾಗಿ ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ನಡೆದಿದೆ. ಎಣ್ಣೆ ಹಚ್ಚಿ 90 ಅಡಿ ಬಿಗಿಯಾಗಿ ಎಳೆದು ಕಟ್ಟಲು ನಮ್ಮ ತಾರಸಿ ಸಾಲದು. ಪಕ್ಕದ ಮನೆಯವರು ಬಟ್ಟೆ ಒಣಹಾಕದ ದಿನ ಯಾವುದು ಅಂತ ಕೇಳಬೇಕು.