ಬೆಂಗಳೂರಿನ ಜನ ಕಷ್ಟಕ್ಕೆ ಆಗ್ತಾರಾ?

ಮಗನನ್ನೋ ಮಗಳನ್ನೋ ಕೆಲಸಕ್ಕೆಂದು ಇಲ್ಲಿಗೆ ಕಳಿಸುವವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು: "ಅಲ್ಲಿಯ ಜನ ಹೆಂಗಪ್ಪ? ಕಷ್ಟಕ್ಕೆ ಆಗ್ತಾರಾ?" ಹಾಸನದ ನಮ್ಮ ಸೋದರತ್ತೆ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ, ಅದು ಬೇರೆ ಮಾತು.

ಆಗ್ತಾರೆ. ಆದರೆ ಎಂಥ ಕಷ್ಟ ಅನ್ನುವುದನ್ನು ಮೊದಲು ಹೇಳಬೇಕು.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿರಬಹುದು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ನೀರಲ್ಲಿ ನಿಂತಿದ್ದವು. ಕೋಟಿಗಟ್ಟಲೆ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಆ ವಾರ ಗುರುತು ಪರಿಚಯ ಇಲ್ಲದವರಿಗೂ ಜನ ಬಾಗಿಲು ತೆಗೆದರು, ಊಟ ಕೊಟ್ಟರು.

ಒಂದೂವರೆ ವರ್ಷ ಕಳೆದು 2024ರ ಮಾರ್ಚ್ ಬಂತು. ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತುಮಾಡಿತು. ಆ ದರಕ್ಕೆ ಒಂದು ಲೋಡ್ ಕೇಳೋಣ ಅಂದರೆ ನಮ್ಮ ಟ್ಯಾಂಕರಿನವನು ಫೋನೇ ಎತ್ತುತ್ತಿರಲಿಲ್ಲ. ಮಳೆಯಲ್ಲಿ ಬಾಗಿಲು ತೆಗೆದ ಜನ ಈಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಬಾಲ್ಕನಿಯ ಗಿಡ ಇನ್ನೂ ಹಸಿರಾಗಿದೆ, ಯಾರ ಮನೆಗೆ ಬಂದ ನೆಂಟರು ಇನ್ನೂ ಹೊರಟಿಲ್ಲ ಅಂತ ಲೆಕ್ಕ ಇಡುತ್ತಿದ್ದರು.

ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿಯನ್ನೇ ತಗೊಳ್ಳಿ. 2021ರ ಮೇನಲ್ಲಿ, ಬೆಂಗಳೂರಲ್ಲಿ ದಿನಕ್ಕೆ 20 ಸಾವಿರ ಮೀರಿ ಕೇಸು ಬರುತ್ತಿದ್ದಾಗ, ಮೇಲಿನ ಮನೆಯ ಹುಡುಗರು ಕೋವಿಡ್ ಬಂದು ಮಲಗಿದರು. ಆಂಟಿಗೆ ವಯಸ್ಸಾಗಿತ್ತು, ಜೊತೆಗೆ ಸಕ್ಕರೆ ಕಾಯಿಲೆ. ಆದರೂ ಎರಡು ಹೊತ್ತೂ ಅನ್ನ, ಮೆಣಸಿನ ಸಾರು ಮೆಟ್ಟಿಲ ಮೇಲಿಟ್ಟು "ತಗೊಳ್ರೋ" ಅಂತ ಕೂಗಿ ಇಳಿಯೋರು. ಮೂರು ವರ್ಷದ ಮೇಲೆ ಆ ಹುಡುಗರಿಗೇ ಬೆಳಗ್ಗೆ ಎಂಟಾದ ಮೇಲೆ ನೀರಿಲ್ಲ. ಆಂಟಿ ವಾಲ್ವ್ ತಿರುಗಿಸಿಬಿಡೋರು. "ದಿನಾ ಸ್ನಾನ ಮಾಡ್ಲೇಬೇಕಾ ಅವ್ರು?"

ಇದರಲ್ಲಿ ನಿಜವಾದ ಆಂಟಿ ಯಾರು ಅಂತ ನನ್ನ ಹೆಂಡತಿ ಕೇಳಿದ್ದಳು. ಇಬ್ಬರೂ ನಿಜವೇ. ಸಾರಿಗೆ ಇನ್ನೊಂದು ಲೋಟ ನೀರು ಬೆರೆಸಿದರೆ ಇನ್ನಿಬ್ಬರಿಗೆ ಸಾಕಾಗುತ್ತದೆ. ಸಂಪು ಹಾಗೆ ಹಿಗ್ಗುವುದಿಲ್ಲ. ಟ್ಯಾಂಕರಿನ ದುಡ್ಡು ಆಂಟಿಯದು; ಮಹಡಿಯ ಹುಡುಗರು ಸುರಿದುಕೊಂಡ ಒಂದೊಂದು ಬಕೆಟ್ಟೂ ಅವರ ಪಿಂಚಣಿಯಿಂದ ಹೋಗುತ್ತಿತ್ತು. ಅಲ್ಲದೆ, ಮನೆಗೆ ಮಳೆ ನೀರು ನುಗ್ಗಿದಾಗ ಮಳೆನೀರು ಹರಿಯುವ ರಾಜಕಾಲುವೆ ಒತ್ತುವರಿ ಮಾಡಿದವರನ್ನು, ಪಾಲಿಕೆಯನ್ನು ಎಲ್ಲರೂ ಒಟ್ಟಿಗೆ ಬೈಯಬಹುದು. ನಲ್ಲಿ ಒಣಗಿದಾಗ ಬೈಯೋಕೆ ಕೈಗೆ ಸಿಗುವುದು ಮಹಡಿ ಮೇಲಿನವರು. ಮಳೆ ನಾಳೆಯೋ ನಾಡಿದ್ದೋ ನಿಲ್ಲುತ್ತದೆ ಅಂತಲೂ ಗೊತ್ತಿರುತ್ತದೆ. ನಾಲ್ಕು ದಿನ ಒಳ್ಳೆಯವರಾಗಿರೋಕೆ ಯಾರಿಗೂ ತ್ರಾಸಿಲ್ಲ. ಮುಂಗಾರು ಬರುವ ತನಕ, ಒಂದೊಂದು ಬಕೆಟ್ ಎಣಿಸಿಕೊಂಡು ಒಳ್ಳೆಯವರಾಗಿರಿ ಅಂದರೆ ನನ್ನಿಂದಲೂ ಆಗಲ್ಲ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ನೀರು ಮುಟ್ಟಿದ ಬೀದಿಗಳಲ್ಲಿ ಯಾರೂ ಉಪದೇಶ ಮಾಡದೆಯೇ ಜನ ಒಂದಿಷ್ಟು ಸುಧಾರಿಸಿರುತ್ತಾರೆ ಅಂತ ನನ್ನ ಗುಮಾನಿ.

ಮಕ್ಕಳನ್ನು ಕಳಿಸುವವರಿಗೆ ನಾನು ಹೇಳುವುದು ಇಷ್ಟೇ. ನಡುರಾತ್ರಿ ಜ್ವರ ಬಂದರೆ ಯಾರಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರೆ, ಅದಕ್ಕೆ ಹೆದರಬೇಡಿ. ಮನೆ ನೋಡುವಾಗ ಕಾವೇರಿ ಕನೆಕ್ಷನ್ ಇದೆಯಾ, ಸಂಪು ಎಷ್ಟು ಲೀಟರಿನದು, ನೀರಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿಕೊಳ್ಳಿ. ಓನರ್ ಹೆಂಗೆ ಅಂತ ಆಮೇಲೆ ವಿಚಾರಿಸಿದರಾಯಿತು.