ಗಾಯ ವಾಸಿಯಾಗಿತ್ತು, ಗರಿ ಉಳಿದಿರಲಿಲ್ಲ

ಆಷಾಢ ಬಂತು ಅಂದರೆ ನಮಗೆ ಕೆಲಸ ಜಾಸ್ತಿ. ಗಾಳಿ ಜೋರಾಗಿರುತ್ತದೆ, ಮಹಡಿ ಮೇಲೆಲ್ಲ ಗಾಳಿಪಟ, ಜೊತೆಗೆ ಮಾಂಜಾ, ಅಂದರೆ ಗಾಜಿನ ಪುಡಿ ಹಚ್ಚಿದ ಹರಿತವಾದ ದಾರ. ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಹೊತ್ತಿಗೆ ಗೇಟಿನ ಹತ್ತಿರ ಒಂದೆರಡು ರಟ್ಟಿನ ಪೆಟ್ಟಿಗೆ ಬಂದು ಕೂತಿರುತ್ತವೆ. ಒಳಗೆ ಉಗುರು ಕೆರೆಯುವ ಸದ್ದು ಕೇಳಿದರೆ ಸಾಕು, ಹದ್ದು ಅಂತ ಗೊತ್ತಾಗುತ್ತದೆ.

ನಾನು ಬೆಂಗಳೂರಿನಲ್ಲಿ, ಗಾಯಗೊಂಡ ಕಾಡುಪ್ರಾಣಿ ಮತ್ತು ಹಕ್ಕಿಗಳನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ಪಶುವೈದ್ಯೆ. ಹಾವು, ಕೋತಿ, ಬಾವಲಿ, ಗೂಬೆ ಎಲ್ಲ ಬರುತ್ತವೆ. ಬೇಟೆ ಹಕ್ಕಿಗಳ ಪೈಕಿ ಮಾತ್ರ ಹದ್ದಿನದೇ ದೊಡ್ಡ ಪಾಲು. ಫೋನ್ ಮಾಡುವವರು ಎಷ್ಟೋ ಸಲ "ಮೇಡಂ, ಗರುಡ ಬಿದ್ದಿದೆ" ಅನ್ನುತ್ತಾರೆ. ಗರುಡ ಬೇರೆ. ಅದರ ಮೈ ಇಟ್ಟಿಗೆ ಬಣ್ಣ, ತಲೆ ಎದೆ ಬಿಳಿ, ಕೆರೆ ಹೊಳೆಗಳ ಕಡೆ ಜಾಸ್ತಿ ಕಾಣುತ್ತದೆ. ಮಾಂಸದ ಅಂಗಡಿ ಬೀದಿಗಳ ಮೇಲೆ ಸುತ್ತು ಹಾಕುವ ಕಂದು ಹಕ್ಕಿ ಇದೆಯಲ್ಲ, ಬಾಲದ ತುದಿ ಮೀನಿನ ಬಾಲದ ಹಾಗೆ ಕವಲೊಡೆದಿರುತ್ತದಲ್ಲ, ಅದು ಹದ್ದು. ನಗರದ ಕೊಳಕು ತಿಂದು ಬದುಕುತ್ತದೆ ಅಂತ ಜನಕ್ಕೆ ಅದರ ಮೇಲೆ ಅಷ್ಟು ಮಮತೆ ಇಲ್ಲ. ನನಗೆ ಇದೆ. ತುಂಬಾ ಇದೆ.

ಈಗ ಹೇಳಹೊರಟಿರುವುದು ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ತಪ್ಪಿನ ವಿಷಯ. ಅದಕ್ಕೂ ಮುಂಚೆ ನಾಯಿ, ಬೆಕ್ಕು, ಹಸುಗಳಿಗೆ ಔಷಧಿ ಕೊಟ್ಟು ಅಭ್ಯಾಸ ಆಗಿತ್ತು. ಗಾಯ ತೊಳೆ, ಹೊಲಿಗೆ ಹಾಕು, ಕೀವು ಆಗದಂತೆ ನೋಡಿಕೋ, ಮನೆಗೆ ಕಳಿಸು. ಹಕ್ಕಿಗೂ ಅಷ್ಟೇ ಅಂದುಕೊಂಡಿದ್ದೆ.

ಜುಲೈ ತಿಂಗಳು. ಒಂದು ಬಡಾವಣೆಯ ಪಾರ್ಕಿನಲ್ಲಿ ಸಿಲ್ವರ್ ಓಕ್ ಮರದ ತುದಿಗೆ ಹದ್ದೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಏಣಿ ಹಾಕಿ ಇಳಿಸಿ ತಂದರು. ನಾಲ್ಕೂವರೆ ಅಡಿ ಅಗಲ ರೆಕ್ಕೆ ಬಿಚ್ಚುವ ಹಕ್ಕಿ, ತಕ್ಕಡಿಯಲ್ಲಿಟ್ಟರೆ ಮುಕ್ಕಾಲು ಕೇಜಿಯೂ ಇರಲಿಲ್ಲ. ಬಲ ರೆಕ್ಕೆಯ ಮುಂಚೂಣಿಯಲ್ಲಿ, ಭುಜದಿಂದ ಮಣಿಕಟ್ಟಿನ ತನಕ ಒಂದು ತೆಳು ಚರ್ಮದ ಪಟ್ಟಿ ಇರುತ್ತದೆ. ಅದರ ಅಂಚಿನಲ್ಲಿ ರಬ್ಬರ್ ಬ್ಯಾಂಡಿನ ಹಾಗೆ ಒಂದು ಸ್ನಾಯುರಜ್ಜು (ಟೆಂಡನ್) ಎಳೆದಿರುತ್ತದೆ. ಮಾಂಜಾ ಹೆಚ್ಚಾಗಿ ಕೊಯ್ಯುವುದು ಅಲ್ಲೇ. ಆ ರಜ್ಜು ಪೂರ್ತಿ ತುಂಡಾದರೆ ಹಕ್ಕಿ ಮತ್ತೆ ಹಾರುವುದು ಕಷ್ಟ. ಈ ಹಕ್ಕಿಯದು ಚರ್ಮ ಹರಿದಿತ್ತು, ರಜ್ಜು ಉಳಿದಿತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ಹೊಲಿಗೆಗೆ ಮುಕ್ಕಾಲು ಗಂಟೆ ತೆಗೆದುಕೊಂಡೆ. ಒಂದೊಂದು ಹೊಲಿಗೆಯೂ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಹಕ್ಕಿಯನ್ನು ಖಾಲಿ ಇದ್ದ ಒಂದು ನಾಯಿ ಬೋನಿನಲ್ಲಿ ಬಿಟ್ಟೆ. ಗಟ್ಟಿ ತಂತಿ ಜಾಲರಿಯ ಬೋನು. ಗಾಳಿ ಬೆಳಕು ಚೆನ್ನಾಗಿತ್ತು. ಪಕ್ಕದಲ್ಲೇ ನಾವೆಲ್ಲ ಓಡಾಡುವ ಓಣಿ, ಹಾಗಾಗಿ ಆಗಾಗ ಕಣ್ಣಿಡಬಹುದಲ್ಲ ಅಂತ ನನ್ನ ಲೆಕ್ಕ. ದಿನಕ್ಕೆ ನಾಲ್ಕು ಸಲ ಹೋಗಿ ನೋಡುತ್ತಿದ್ದೆ. ನಾನು ಹೋದಾಗಲೆಲ್ಲ ಅದು ಹಾರಿ ಜಾಲರಿಗೆ ಕಚ್ಚಿಕೊಳ್ಳುತ್ತಿತ್ತು. ಚುರುಕಾಗಿದೆ, ಒಳ್ಳೆಯದೇ ಅಂದುಕೊಂಡೆ.

ಮೂರು ವಾರಕ್ಕೆ ಗಾಯ ಪೂರ್ತಿ ಮಾಗಿತು. ಗೆರೆ ಹುಡುಕಿದರೆ ಮಾತ್ರ ಕಾಣುವಷ್ಟು. ನಾಳೆ ಬಿಡೋಣ ಅಂತ ನಮ್ಮ ಹಿರಿಯ ಕೀಪರ್ ಅಣ್ಣನಿಗೆ ಹೇಳಿದೆ. ಅವರು ಬಂದು ಹಕ್ಕಿಯನ್ನು ಟವೆಲಿನಲ್ಲಿ ಹಿಡಿದರು. ಗಾಯದ ಕಡೆ ನೋಡಲೇ ಇಲ್ಲ. ಬಾಲ ಬಿಡಿಸಿ ನನ್ನ ಮುಂದೆ ಹಿಡಿದರು.

"ಮೇಡಂ, ಇದು ಹಾರೋದು ಯಾವುದರಲ್ಲಿ?"

ಬಾಲ ಸವೆದ ಪೊರಕೆಯ ಹಾಗಿತ್ತು. ಹನ್ನೆರಡು ಗರಿಗಳಲ್ಲಿ ನೆಟ್ಟಗಿದ್ದದ್ದು ಮೂರು. ಉಳಿದವು ಅರ್ಧಕ್ಕೆ ಮುರಿದಿದ್ದವು, ಒಂದೆರಡು ಬರೀ ದಂಟು. ಬಲ ರೆಕ್ಕೆಯ ತುದಿಯಲ್ಲೂ ನಾಲ್ಕು ಗರಿ ಮುರಿದಿದ್ದವು. ಮರದಿಂದ ಇಳಿಸಿ ತಂದ ದಿನ ಅವೆಲ್ಲ ಸರಿಯಾಗಿದ್ದವು. ನಾನು ಹತ್ತಿರ ಹೋದಾಗಲೆಲ್ಲ ಹೆದರಿ ಜಾಲರಿಗೆ ಹಾರಿ ಕಚ್ಚಿಕೊಳ್ಳುತ್ತಿತ್ತಲ್ಲ, ಆಗ ಗರಿ ತಂತಿಯ ಕಣ್ಣುಗಳಿಗೆ ಸಿಕ್ಕಿ ಮುರಿಯುತ್ತಿತ್ತು. ದಿನಕ್ಕೆ ನಾಲ್ಕು ಸಲ. ಮೂರು ವಾರ.

ಗರಿ ಅಂದರೆ ನಮ್ಮ ಉಗುರು, ಕೂದಲಿದ್ದ ಹಾಗೆ. ಬೆಳೆದು ಮುಗಿದ ಮೇಲೆ ಅದರಲ್ಲಿ ರಕ್ತ ಓಡುವುದಿಲ್ಲ. ಮುರಿದರೆ ನೋವೂ ಇಲ್ಲ, ಕೂಡಿಕೊಳ್ಳುವುದೂ ಇಲ್ಲ. ಆ ಮೋಟು ತಾನಾಗಿ ಉದುರಿ ಹೊಸದು ಹುಟ್ಟುವ ತನಕ ಕಾಯಬೇಕು. ಎಲ್ಲ ಗರಿಗಳೂ ಒಟ್ಟಿಗೆ ಉದುರುವುದಿಲ್ಲ, ಒಂದಾದ ಮೇಲೊಂದು, ತಿಂಗಳುಗಟ್ಟಲೆ. ಹದ್ದಿಗಂತೂ ಬಾಲವೇ ಚುಕ್ಕಾಣಿ. ಮುಂದಿನ ಸಲ ಹದ್ದು ಕಂಡಾಗ ಒಂದು ನಿಮಿಷ ನಿಂತು ನೋಡಿ. ರೆಕ್ಕೆ ಅಲ್ಲಾಡುವುದಿಲ್ಲ, ಬಾಲ ಮಾತ್ರ ಎಡಕ್ಕೆ ಬಲಕ್ಕೆ ತಿರುಚುತ್ತಾ ಇರುತ್ತದೆ. ವಿದ್ಯುತ್ ತಂತಿ, ಕಟ್ಟಡ, ಮರದ ಟೊಂಗೆಗಳ ಮಧ್ಯೆ ನುಗ್ಗಿ, ಕೆಳಗೆ ಬಿದ್ದ ತುಂಡನ್ನು ಕಾಲಿನಲ್ಲಿ ಎತ್ತಿಕೊಂಡು ಹೋಗುವುದು ಆ ಬಾಲದ ಬಲದಿಂದ.

ಆ ಹಕ್ಕಿ ನಮ್ಮ ಹತ್ತಿರ ಹದಿಮೂರು ತಿಂಗಳು ಇತ್ತು. ಈ ಕಡೆ ಹದ್ದುಗಳು ಗೂಡು ಕಟ್ಟುವುದು ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ತನಕ. ಆ ಕಾಲ ಪೂರ್ತಿ ಅದು ಒಳಗೇ ಕಳೆಯಿತು. ಎಲ್ಲೋ ಅದರ ಜೊತೆಗಾರ ಹಕ್ಕಿ ಇದ್ದಿರಬಹುದು, ಕಟ್ಟಿದ ಗೂಡಿದ್ದಿರಬಹುದು. ಮಧ್ಯೆ ಒಂದು ಪಾದದಡಿ ಬಾವು ಬೇರೆ ಬಂತು. ನುಣುಪಾದ ಪೈಪಿನ ಮೇಲೆ ದಿನವಿಡೀ ಕೂತರೆ ಬೇಟೆ ಹಕ್ಕಿಗಳಿಗೆ ಹೀಗಾಗುತ್ತದೆ. ಅದಕ್ಕೆ ಮತ್ತೆ ಎರಡು ತಿಂಗಳು ಔಷಧಿ. ಕೊನೆಗೆ ಮುಂದಿನ ವರ್ಷದ ಆಗಸ್ಟಿನಲ್ಲಿ ಬಿಟ್ಟೆವು. ಹಾರಿತು. ಆದರೆ ಮಾಂಜಾ ಆ ಹಕ್ಕಿಯಿಂದ ಮೂರು ವಾರ ಕಿತ್ತುಕೊಂಡಿದ್ದರೆ, ನಾನು ಒಂದು ವರ್ಷ ಕಿತ್ತುಕೊಂಡಿದ್ದೆ.

ಈಗ ನಮ್ಮಲ್ಲಿ ಬೇಟೆ ಹಕ್ಕಿಗಳಿಗೆ ತಂತಿ ಬೋನಿಲ್ಲ. ಸಣ್ಣ ಗೂಡುಗಳಿಗೆ ನಯವಾದ ಗೋಡೆ. ಗಾಳಿಗೆ ಬೇಕಾದ ಕಡೆ ನೆಟ್ಟಗೆ ನಿಲ್ಲಿಸಿದ ಪಿವಿಸಿ ಕೊಳವೆಗಳು. ಅಡ್ಡ ಕಂಬಿ ಇಲ್ಲದ್ದರಿಂದ ಕಚ್ಚಿ ಹತ್ತಲು ಆಗುವುದಿಲ್ಲ. ಮುಂದೆ ಬಟ್ಟೆ ಪರದೆ. ಕೂರುವ ಕೋಲಿಗೆ ತೆಂಗಿನ ನಾರಿನ ಹಗ್ಗ ಸುತ್ತುತ್ತೇವೆ, ಒಂದೊಂದು ಕಡೆ ಒಂದೊಂದು ದಪ್ಪ, ಪಾದದ ಒಂದೇ ಜಾಗಕ್ಕೆ ಭಾರ ಬೀಳದಿರಲಿ ಅಂತ. ಬಾಲಕ್ಕೆ ಹಳೇ ಎಕ್ಸ್‌ರೇ ಫಿಲ್ಮನ್ನು ಲಕೋಟೆಯಂತೆ ಮಡಚಿ ತೊಡಿಸುತ್ತೇವೆ. ಇದು ತುಂಬಾ ಉಪಯೋಗಕ್ಕೆ ಬಂದಿದೆ. ಆಸ್ಪತ್ರೆಗಳು ಡಿಜಿಟಲ್ ಆದ ಮೇಲೆ ಫಿಲ್ಮ್ ಸಿಗುವುದೇ ಕಷ್ಟವಾಗಿದೆ. ಸಿಬ್ಬಂದಿ ಎಲ್ಲರೂ ಮನೆಯಲ್ಲಿದ್ದ ಹಳೇ ಎಕ್ಸ್‌ರೇಗಳನ್ನು ತಂದು ಕೊಟ್ಟಿದ್ದಾರೆ. ಇನ್ನು ನೋಡಿ ಬರುವುದು ದಿನಕ್ಕೆ ಒಂದೇ ಸಲ. ಊಟ, ಔಷಧಿ, ಶುಚಿ, ಎಲ್ಲ ಆ ಒಂದೇ ಸಲಕ್ಕೆ. ಮನಸ್ಸು ತಡೆಯದೆ ಇಣುಕಿ ನೋಡುವುದನ್ನು ನಿಲ್ಲಿಸಲು ನನಗೆ ಬಹಳ ದಿನ ಬೇಕಾಯಿತು.

ಎಲ್ಲಕ್ಕಿಂತ ನನಗೆ ಇಷ್ಟವಾದ ಕೆಲಸ ಗರಿ ಕಸಿ. ಮಾವಿಗೆ ಕಸಿ ಕಟ್ಟುವ ಹಾಗೇ. ಡೇಗೆ, ಗಿಡುಗ ಸಾಕಿ ಬೇಟೆಯಾಡುತ್ತಿದ್ದವರು ನೂರಾರು ವರ್ಷ ಹಿಂದೆಯೇ ಇದನ್ನು ಮಾಡುತ್ತಿದ್ದರು. ಹದಿಮೂರು ತಿಂಗಳ ಆ ಹಕ್ಕಿಗೂ ಮಾಡಬಹುದಿತ್ತು, ಆದರೆ ಜೋಡಿಸಲು ನಮ್ಮ ಹತ್ತಿರ ಗರಿ ಇರಲಿಲ್ಲ. ಆವತ್ತಿನಿಂದ ಕೀಪರ್ ಅಣ್ಣ ಒಂದು ದೊಡ್ಡ ಸ್ಟೀಲ್ ಡಬ್ಬ ಇಟ್ಟಿದ್ದಾರೆ. ಹಾರಾಟದ ಕೋಣೆಯಲ್ಲಿ ತಾನಾಗಿ ಉದುರಿದ ಗರಿ, ಬದುಕದೆ ಹೋದ ಹಕ್ಕಿಗಳ ಒಳ್ಳೆಯ ಗರಿ, ಎಲ್ಲ ತೊಳೆದು ಒಣಗಿಸಿ ಲಕೋಟೆಗೆ ಹಾಕುತ್ತಾರೆ. ಮೇಲೆ "ಹದ್ದು, ಎಡ 6", "ಹದ್ದು, ಬಾಲ, ಬಲ 2" ಅಂತ ಬರೆದಿರುತ್ತದೆ. ರೆಕ್ಕೆಯ ತುದಿಯಲ್ಲಿ ಹತ್ತು ಗರಿ. ಆರನೆಯದರ ಜಾಗಕ್ಕೆ ಆರನೆಯದೇ ಬೇಕು, ಎಡದ್ದಕ್ಕೆ ಎಡದ್ದೇ ಬೇಕು. ಉದ್ದ, ಬಾಗು ಎರಡೂ ಹೊಂದಬೇಕು.

ಹೋದ ವರ್ಷ ಒಂದು ಹದ್ದಿಗೆ ಐದು ಗರಿ ಕೂರಿಸಿದೆವು. ಅರಿವಳಿಕೆ ಕೊಟ್ಟು ಮಲಗಿಸಿ, ರೆಕ್ಕೆ ಬಿಡಿಸಿ ಕೆಳಗೆ ಬಿಳಿ ಕಾಗದ ಹಾಸಿದೆ. ಮೊದಲು ಮೋಟು ಗರಿಯ ಬುಡ ನೋಡಬೇಕು. ನೀಲಿಯಾಗಿ, ಮೆತ್ತಗಿದ್ದರೆ ಇನ್ನೂ ಬೆಳೆಯುತ್ತಿದೆ, ಒಳಗೆ ರಕ್ತ ಇದೆ ಅಂತ ಅರ್ಥ. ಅದನ್ನು ಮುಟ್ಟಬಾರದು. ಒಣಗಿ ಪಾರದರ್ಶಕವಾಗಿದ್ದರೆ ಚರ್ಮದಿಂದ ಸ್ವಲ್ಪ ಮೇಲೆ ನೇರವಾಗಿ ಕತ್ತರಿಸುತ್ತೇನೆ. ಒಳಗೆ ಟೊಳ್ಳು. ಬಿದಿರಿನ ಕಡ್ಡಿಯನ್ನು ಆ ಟೊಳ್ಳಿಗೆ ಹೊಂದುವಷ್ಟು ಕೆತ್ತಬೇಕು. ಇದು ಕೀಪರ್ ಅಣ್ಣನ ಕೈಕೆಲಸ. ಬ್ಲೇಡಿನಲ್ಲಿ ಹೆರೆದು, ತೂರಿಸಿ ನೋಡಿ, ಮತ್ತೆ ಹೆರೆಯುತ್ತಾರೆ. ಕಡ್ಡಿಯ ಅರ್ಧ ಹೊಸ ಗರಿಯ ದಂಟಿನೊಳಗೆ, ಅರ್ಧ ಹಕ್ಕಿಯ ಮೋಟಿನೊಳಗೆ, ಮಧ್ಯೆ ಒಂದು ಹನಿ ಎಪಾಕ್ಸಿ ಗಮ್. ಹನಿ ಜಾಸ್ತಿಯಾದರೆ ಪಕ್ಕದ ಗರಿಗೆ ಅಂಟಿ ಅದೂ ಹಾಳು. ಗಮ್ ಬಿಗಿಯುವ ತನಕ ಬೆರಳಲ್ಲಿ ಹಿಡಿದು, ಅಕ್ಕಪಕ್ಕದ ಗರಿಗಳ ಸಾಲಿಗೆ ಸರಿ ಇದೆಯಾ ಅಂತ ನೋಡುತ್ತಲೇ ಇರಬೇಕು. ಕೂದಲೆಳೆಯಷ್ಟು ತಿರುಗಿದರೂ ರೆಕ್ಕೆ ಮಡಚುವಾಗ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಮುಂದೆ ಗರಿ ಉದುರುವ ಕಾಲ ಬಂದಾಗ ಕಸಿ ಕಟ್ಟಿದ್ದು ಬುಡಸಮೇತ ಉದುರಿ, ಆ ಜಾಗದಲ್ಲಿ ಹಕ್ಕಿಯ ಸ್ವಂತ ಗರಿ ಹುಟ್ಟುತ್ತದೆ.

ಆ ಹಕ್ಕಿ ಹನ್ನೊಂದನೇ ದಿನಕ್ಕೆ ಹಾರಾಟದ ಕೋಣೆಯಲ್ಲಿ ಗಾಳಿಯಲ್ಲೇ ಹೊರಳಿ ಕೋಲಿನಿಂದ ಕೋಲಿಗೆ ಹೋಗುತ್ತಿತ್ತು. ಸಿಕ್ಕ ಜಾಗದ ಹತ್ತಿರವೇ ಬಿಟ್ಟೆವು, ಬೆಳಿಗ್ಗೆ ಹತ್ತು ದಾಟಿದ ಮೇಲೆ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳಲು ಶುರುವಾದರೆ ಹದ್ದಿಗೆ ಶ್ರಮ ಕಡಿಮೆ. ಒಂದು ಸುತ್ತು, ಎರಡು ಸುತ್ತು, ಆಮೇಲೆ ಬೇರೆ ಹದ್ದುಗಳ ಜೊತೆ ಸೇರಿಹೋಯಿತು. ಯಾವುದು ನಮ್ಮದು ಅಂತ ಗುರುತಿಸಲು ಆಗಲಿಲ್ಲ.

ಹದ್ದು ಹೇಗಾದರೂ ಕಸ ಆಯ್ದು ತಿಂದು ಬದುಕುತ್ತದೆ, ಎರಡು ಗರಿ ಕಡಿಮೆಯಾದರೆ ಏನಂತೆ ಅಂತ ಕೆಲವರು ಕೇಳುತ್ತಾರೆ. ನಮ್ಮ ದೇಶಕ್ಕೆ ಚಳಿಗಾಲದಲ್ಲಿ ಉತ್ತರದಿಂದಲೂ ಹದ್ದುಗಳು ಬರುತ್ತವೆ. ದೆಹಲಿಯಲ್ಲಿ ಟ್ಯಾಗ್ ಹಾಕಿದ ಅಂಥ ಹಕ್ಕಿಗಳು ಬೇಸಿಗೆಗೆ ಹಿಮಾಲಯ ದಾಟಿ ಕಜಾಕಸ್ತಾನ, ರಷ್ಯಾ, ಮಂಗೋಲಿಯಾದ ಕಡೆ ಹೋದದ್ದು ದಾಖಲಾಗಿದೆ. ಪೆಟ್ಟಿಗೆಯಲ್ಲಿ ಬಂದ ಹದ್ದು ಎಷ್ಟು ದೂರ ಹೋಗಬೇಕಾದದ್ದು ಅಂತ ನಮಗೇನು ಗೊತ್ತು? ಶಿಕ್ರಾ ತರಹದ ಪುಟ್ಟ ಗಿಡುಗಕ್ಕಂತೂ ರಿಯಾಯಿತಿಯೇ ಇಲ್ಲ. ಅದು ದಿನಾ ಹಲ್ಲಿ, ಓತಿಕ್ಯಾತ, ಸಣ್ಣ ಹಕ್ಕಿ ಹಿಡಿದೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಗುರಿ ಒಂದು ಗೇಣು ತಪ್ಪಿದರೂ ಉಪವಾಸ.

ನಿಮಗೆ ಬಿದ್ದ ಹಕ್ಕಿ ಸಿಕ್ಕರೆ ದಯವಿಟ್ಟು ಕೋಳಿ ಬುಟ್ಟಿ, ತಂತಿ ಪಂಜರಕ್ಕೆ ಹಾಕಬೇಡಿ. ಮೇಲೆ ಟವೆಲ್ ಹಾಕಿ ಹಿಡಿಯಿರಿ, ಮೊದಲು ಕಾಲುಗಳನ್ನು ಭದ್ರ ಮಾಡಿಕೊಳ್ಳಿ. ಕೊಕ್ಕಿಗಿಂತ ಉಗುರು ಅಪಾಯ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಹಳೇ ಬಟ್ಟೆ ಹಾಸಿ, ಮುಚ್ಚಿ ಕತ್ತಲಲ್ಲಿಡಿ. ಬಾಯಿಗೆ ನೀರು ಹಾಕಬೇಡಿ. ಹಕ್ಕಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ನೀರು ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರೀತಿಯಿಂದ ನೀರು ಕುಡಿಸಿದ ಹಕ್ಕಿಗಳು ದಾರಿಯಲ್ಲೇ ಸತ್ತದ್ದನ್ನು ನಾನು ನೋಡಿದ್ದೇನೆ. ರೆಕ್ಕೆಗೆ ಸುತ್ತಿದ ಮಾಂಜಾ ಎಳೆದು ತೆಗೆಯಬೇಡಿ, ಎರಡೂ ಕಡೆ ಕತ್ತರಿಸಿ ಹಾಗೇ ಬಿಡಿ. ಬೇಗ ಅರಣ್ಯ ಇಲಾಖೆಗೋ ಹತ್ತಿರದ ಆರೈಕೆ ಕೇಂದ್ರಕ್ಕೋ ಫೋನ್ ಮಾಡಿ. ಮತ್ತೆ ಮತ್ತೆ ಪೆಟ್ಟಿಗೆ ತೆರೆದು ಫೋಟೋ ತೆಗೆಯುವುದು ಬೇಡ. ನಾನು ಮಾಡಿದ್ದೂ ಅದೇ ಅಲ್ವಾ, ದಿನಕ್ಕೆ ನಾಲ್ಕು ಸಲ.

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಪೂರ್ತಿ ನಿಷೇಧಿಸಿದೆ. ಆದರೂ ಈ ಆಷಾಢದಲ್ಲಿ ಬಂದ ಪೆಟ್ಟಿಗೆಗಳಲ್ಲಿ ಅದೇ ದಾರ ಇತ್ತು. ಹತ್ತಿ ದಾರದಲ್ಲೂ ಗಾಳಿಪಟ ಚೆನ್ನಾಗಿ ಏರುತ್ತದೆ. ಮಕ್ಕಳ ಕೈಗೆ ಅದನ್ನೇ ಕೊಡಿ, ಮರಕ್ಕೆ ಸಿಕ್ಕ ದಾರವನ್ನು ಕೈಗೆಟಕುವಷ್ಟಾದರೂ ಸುತ್ತಿ ತೆಗೆದುಬಿಡಿ.

ನಮ್ಮ ಕೇಸ್ ಶೀಟಿನಲ್ಲಿ ತೂಕ, ಗಾಯ, ಔಷಧಿ ಬರೆಯುವ ಜಾಗದ ಮೇಲೆ ಈಗ ಇನ್ನೊಂದು ಸಾಲು ಇದೆ: ಬಾಲ 12, ಎಡ 10, ಬಲ 10. ಹಕ್ಕಿ ಬಂದ ದಿನ ಎಣಿಸಿ ಬರೆಯುತ್ತೇವೆ, ಬಿಡುವ ದಿನ ಮತ್ತೆ ಎಣಿಸುತ್ತೇವೆ. ನಿನ್ನೆ ಬಂದ ಹದ್ದಿನದು ಬಲ 9. ಎಂಟನೆಯದು ಬುಡದ ಹತ್ತಿರ ಮುರಿದಿದೆ, ಡಬ್ಬದಲ್ಲಿ "ಬಲ 8" ಲಕೋಟೆ ಖಾಲಿ. ಹಾರಾಟದ ಕೋಣೆ ಗುಡಿಸುವವರಿಗೆ ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ: ನೆಲದಲ್ಲಿ ಗರಿ ಕಂಡರೆ ಪೊರಕೆಗೆ ಸಿಗುವ ಮುಂಚೆ ಎತ್ತಿಡಿ.