ರಿಂಗ್ ಅಷ್ಟೇ ಹಾಕಿದರೆ ಸಾಲದಾ?

"ಅಣ್ಣಾ, ರಿಂಗ್ ಅಷ್ಟ ಹಾಕಿಬಿಡ್ರಿ, ನಡಿತೈತಲ್ಲ?" ಬಳ್ಳಾರಿಯ ನನ್ನ ಗ್ಯಾರೇಜಿಗೆ ಹೊಗೆ ಬಿಡುತ್ತಾ ಬರುವ ಗಾಡಿಯ ಜೊತೆ ಈ ಮಾತೂ ಬರುತ್ತದೆ. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆ. ಕೆಲವು ಸಲ ನಡೆಯುತ್ತದೆ. ಆದರೆ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಬಿಚ್ಚಿ ಒಳಗೋಡೆ ನೋಡುವ ತನಕ ನಾನು ಹೂಂ ಅನ್ನುವುದಿಲ್ಲ.

ಹೋದ ತಿಂಗಳು ಸಂಡೂರಿಂದ ಒಂದು ಸ್ಪ್ಲೆಂಡರ್ ಬಂತು. ಆಯಿಲ್ ಕುಡಿಯುತ್ತಿತ್ತು. ಬ್ಲಾಕ್ ತೊಳೆದು ಬೆಳಕಿಗೆ ಹಿಡಿದೆ. ಹೊಸ ಬ್ಲಾಕಿನಲ್ಲಿ ಹೋನಿಂಗ್ (ಕಲ್ಲಿನಿಂದ ಉಜ್ಜುವ ಕೆಲಸ) ಗೆರೆಗಳು ಓರೆಯಾಗಿ, ಬಲೆ ಹೆಣೆದ ಹಾಗೆ ಕಾಣುತ್ತವೆ. ಆಯಿಲ್ ನಿಲ್ಲುವುದೇ ಆ ಗೆರೆಗಳಲ್ಲಿ. ಇದರಲ್ಲಿ ಕೆಳಗಷ್ಟೇ ಉಳಿದಿದ್ದವು, ಮೇಲೆಲ್ಲ ಕನ್ನಡಿಯ ಹಾಗೆ ನುಣುಪು. ಉಗುರನ್ನು ಕೆಳಗಿಂದ ಮೇಲಕ್ಕೆ ಎಳೆದೆ. ಬಾಯಿಗೆ ಇನ್ನೂ ಸ್ವಲ್ಪ ಇರುವಾಗಲೇ ಟಕ್ ಅಂತ ತಡೆಯಿತು. ಮೇಲಿನ ರಿಂಗ್ ಏರಿ ವಾಪಸ್ ಇಳಿಯುವ ಜಾಗ ಅದು. ಪಿಸ್ಟನ್ ಅಲ್ಲಿ ಒಂದು ಚಣ ನಿಲ್ಲುತ್ತದೆ, ಆಯಿಲ್ ಪೊರೆ ತೆಳುವಾಗುತ್ತದೆ, ಉರಿಯುವ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಅದುಮುತ್ತದೆ. ಸವೆತ ಜಾಸ್ತಿ ಅಲ್ಲೇ. ರಿಂಗ್ ಮುಟ್ಟದ ಅಂಚು ಮಾತ್ರ ಮೊದಲಿನ ಅಳತೆಯಲ್ಲೇ ಉಳಿದು ಮೆಟ್ಟಿಲಾಗುತ್ತದೆ.

ಆಮೇಲೆ ಬೋರ್ ಗೇಜ್, ಅಂದರೆ ಬ್ಲಾಕಿನ ಒಳ ಅಗಲ (ಬೋರ್) ಅಳೆಯುವ ಸಾಧನ. ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಕಡೆ ಎರಡು ಸಲ: ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ನೇರಕ್ಕೆ ಒಮ್ಮೆ, ಅದಕ್ಕೆ ಅಡ್ಡಲಾಗಿ ಒಮ್ಮೆ. ಪಿಸ್ಟನ್ ಗೋಡೆಗೆ ಒರಗುವುದು ಅಡ್ಡಕ್ಕೆ, ಅದಕ್ಕೇ ಆ ಕಡೆ ಬೇಗ ಸವೆಯುತ್ತದೆ. ಈ ಗಾಡಿಯ ಬೋರ್ 50 ಮಿ.ಮೀ. ಕೆಳಗೆ 50.01 ಬಂತು. ಮೇಲೆ ಪಿನ್ನಿನ ನೇರಕ್ಕೆ 50.06, ಅಡ್ಡಕ್ಕೆ 50.11. ಮೇಲ್ಭಾಗ ಅಗಲವೂ ಆಗಿದೆ, ಮೊಟ್ಟೆಯ ಹಾಗೆ ಒಂದು ಕಡೆಗೆ ಎಳೆದೂ ಇದೆ. ಇಂಥದಕ್ಕೆ ದುಂಡನೆಯ ಹೊಸ ರಿಂಗ್ ಹಾಕಿದರೆ ಸುತ್ತ ಕೂರುವುದು ಹೇಗೆ?

ಗೇಜ್ ಇಲ್ಲದಿದ್ದರೆ ಹೊಸ ರಿಂಗೊಂದನ್ನು ಪಿಸ್ಟನ್ ತಲೆಯಿಂದ ನೇರವಾಗಿ ಒಳಗೆ ತಳ್ಳಿ. ಮೇಲೊಮ್ಮೆ, ಕೆಳಗೊಮ್ಮೆ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ರಿಂಗಿನ ಎರಡು ತುದಿಗಳ ನಡುವಿನ ಸಂದು ನೋಡಿ. ಬೋರ್ 0.10 ಹಿಗ್ಗಿದರೆ ಸಂದು 0.31 ಹಿಗ್ಗುತ್ತದೆ. ಮೊಟ್ಟೆಯಾಕಾರ ಮಾತ್ರ ಇದರಲ್ಲಿ ಗೊತ್ತಾಗಲ್ಲ.

ಗೆರೆ ಉಳಿದಿದ್ದು, ಉಗುರು ತಡೆಯದೆ, ಅಳತೆ ಮ್ಯಾನ್ಯುಯಲ್ ಮಿತಿಯೊಳಗಿದ್ದರೆ ನಾನೇ ರಿಂಗ್ ಸಾಕು ಅಂತೀನಿ. ಯಮಹಾ ಆರ್15 ತರಹದ, ಒಳಗೆ ಕಬ್ಬಿಣದ ಲೈನರ್ (ಒಳಕೊಳವೆ) ಇಲ್ಲದ ಬ್ಲಾಕಿಗೆ ಬೋರಿಂಗ್, ಅಂದರೆ ಕೊರೆದು ಅಗಲ ಮಾಡುವ ಮಾತೇ ಬೇಡ, ಬ್ಲಾಕ್ ಬದಲಿಸಬೇಕು. ಸಂಡೂರಿನ ಗಾಡಿಗೆ ಮೊದಲು 0.25 ಮಿ.ಮೀ. ಓವರ್‌ಸೈಜ್ (ಅಷ್ಟು ದಪ್ಪ ಹೆಚ್ಚಿನ) ಪಿಸ್ಟನ್ ತಂದೆ. ಆ ಪಿಸ್ಟನ್ನನ್ನೇ ಲೇತಿನವರ ಕೈಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಿದೆ. ಹೋನಿಂಗ್ ಆದಮೇಲೆ ಸೋಪು, ಬಿಸಿನೀರಲ್ಲಿ ತೊಳೆದೆ. ಆಯಿಲ್ ಹಚ್ಚಿದ ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸಿದೆ.

ಜೋಡಿಸುವಾಗ ಏರ್ ಫಿಲ್ಟರಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ನೋಡಿದೆ. ಅಡಿಯಲ್ಲಿ ಸೀಳಿತ್ತು, ಒಳಗೆಲ್ಲ ಸಂಡೂರಿನ ಗಣಿಗಳ ಅದಿರಿನ ಕೆಂಪು ಧೂಳು. ಗೋಡೆ ತಿಂದದ್ದು ಇದೇ ಇರಬೇಕು. ಆ ರಬ್ಬರನ್ನೂ ಬದಲಿಸಿದೆ.